ಕಿವಿಗೆ ಹೂವಿಟ್ಟುಕೊಂಡ ಊರಿನಿಂದ

ದಾವಣಗೆರೆ
ಗಂಟೆ ಶಕೆ ೧೬೪, ಫೆಬ್ರವರಿ ಮೂವತ್ತು, ಮಂಗಳವಾರ

ಇನ್ನೂರು ವರ್ಷ ಹಿಂದಿನ ಮಾನ್ಯ ಸುಳ್ಳುಗಾರರಲ್ಲಿ ವಿನಂತಿ.

ತಾರೀಖು ನೋಡಿ, ಇದೇ ಮೊದಲ ಸುಳ್ಳು ಎಂದು ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ನಿಜವಾಗಿಯೂ ಇದೆ. ಏಪ್ರಿಲ್ ಒಂದು ಸುಳ್ಳರ ಹಬ್ಬವೆಂದು ಸರ್ಕಾರ ಅದನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿತು. ಕಿತ್ತ ದಿನವನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ, ತಿಂಗಳುಗಳ ಪೈಕಿ ಬಡವನಾದ ಫೆಬ್ರವರಿಗೆ ದಾನ ಮಾಡಿತು. ಇದು ಅಧಿಕ ವರ್ಷ, ಹಾಗಾಗಿ ಮೂವತ್ತು. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ನಿಮ್ಮ ಕಾಲದಲ್ಲಿ ಅಂಚೆ ತಡವಾಗುತ್ತಿತ್ತೆಂದು ಓದಿದ್ದೇನೆ. ನಮ್ಮ ಅಂಚೆ ಎಷ್ಟು ಸುಧಾರಿಸಿದೆಯೆಂದರೆ ಬರೆಯುವುದಕ್ಕೆ ಇನ್ನೂರು ವರ್ಷ ಮುಂಚೆಯೇ ತಲುಪಿಸುತ್ತದೆ. ಉತ್ತರ ಮಾತ್ರ ವಾಪಸು ಬರುವುದಿಲ್ಲ. ನನ್ನ ಬರವಣಿಗೆಯಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಮನ್ನಿಸಿ. ಬಂದ ಹಾಗೆ ಬಿಡಿಸಿ ಹೇಳುತ್ತೇನೆ.

ನಾನು ಇಂದುಧರ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತರ್ಕಶಾಸ್ತ್ರ ಕಲಿಸಿ ನಿವೃತ್ತನಾದವನು. ನನ್ನ ಹೆಂಡತಿ ನೀಲಾಂಬಿಕೆ ಹೋದ ವರ್ಷ ತೀರಿಕೊಂಡಳು. ಅವಳ ಕೊನೆಯ ದಿನದ ಒಂದು ಸಂಗತಿ ಇವತ್ತು ಇಡೀ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ಬರುವ ಸೋಮವಾರದಿಂದ ನನ್ನ ತಲೆಯಿಂದಲೂ ಅದನ್ನು ತೆಗೆಯತೊಡಗುತ್ತಾರೆ. ಅಷ್ಟರೊಳಗೆ ಅದನ್ನು ಯಾರ ಕೈಗಾದರೂ ಒಪ್ಪಿಸಬೇಕು. ನಮ್ಮ ಕಾಲದಲ್ಲಿ ಕೈಚಾಚುವವರು ಸಿಗಲಿಲ್ಲ, ಆದ್ದರಿಂದ ನಿಮ್ಮನ್ನು ಹುಡುಕಿಕೊಂಡು ಬಂದೆ.

ಮೊದಲು ಗಂಟೆಯ ವಿಷಯ. ಕೊರಳ ಮುಂಭಾಗದಲ್ಲಿ ಚರ್ಮಕ್ಕೆ ಅಂಟಿ ಕೂರುವ, ಕಡಲೆಕಾಳಿನ ಗಾತ್ರದ ಲೋಹದ ಗುಂಡು ಅದು. ಸರ್ಕಾರ ಇಟ್ಟ ಹೆಸರು ಸತ್ಯಮಣಿ. ಜನ ಕರೆಯುವುದು ಗಂಟೆ ಎಂದು. ಗಂಟಲಿಗೆ ಗಂಟುಬಿದ್ದ ಗಂಟೆ. ಮಾತಾಡುವವನು ತನಗೇ ಸುಳ್ಳೆಂದು ಗೊತ್ತಿರುವುದನ್ನು ಆಡಿದರೆ ಠಣ್ ಎನ್ನುತ್ತದೆ. ಗಂಟೆ ಬಾರಿಸಿದವರಿಗೆ ಮೂರು ದಿನ ಬಾಯಿಕಟ್ಟು, ಅಂದರೆ ಬಾಯಿಗೆ ಬಿಳಿ ಪಟ್ಟಿ. ಊಟಕ್ಕೆ ಬಿಚ್ಚಬಹುದು, ಮಾತಿಗೆ ಬಿಚ್ಚುವಂತಿಲ್ಲ. ಇದನ್ನು ರಾಜಕಾರಣಿಗಳಿಗಷ್ಟೇ ಕಟ್ಟುವುದೆಂದು ಮೊದಲು ತೀರ್ಮಾನವಾಗಿತ್ತು. ನಿಮ್ಮ ಮಕ್ಕಳು ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ವ್ಯಾಪಾರಿಗಳಿಗೆ ಕಟ್ಟಿದರು, ಆಮೇಲೆ ಸಾಕ್ಷಿಗಳಿಗೆ, ಆಮೇಲೆ ಅಳಿಯಂದಿರಿಗೆ, ಕಡೆಗೆ ತೊದಲು ಕಲಿತ ಕೂಸಿಗೂ ಕಟ್ಟಿದರು.

ಮೊದಲ ಕೆಲವು ವರ್ಷ ಊರಿಗೆ ಊರೇ ಮಹಾಮಂಗಳಾರತಿಯ ಹೊತ್ತಿನ ಗುಡಿಯಂತಿತ್ತಂತೆ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರ ಮನೆಗೆ ಹೋಗಿ, ಅವರಿಗೇಕೆ ತೊಂದರೆ ಎಂದು ಹೊಟ್ಟೆ ಹಿಡಿದುಕೊಂಡು "ನಮ್ದು ಊಟ ಆಯ್ತು" ಎಂದರೆ ಠಣ್. ಹಸಿದವರ ಆ ಸುಳ್ಳನ್ನು ಸತ್ಯಮಣಿ ಇಲಾಖೆಯವರು ಹಸಿಸುಳ್ಳೆಂದು ಬರೆದುಕೊಂಡರು. ಗೃಹಪ್ರವೇಶಕ್ಕೆ ಹೋದವರು "ಮನೆ ಬಹಳ ಚೆನ್ನಾಗಿ ಕಟ್ಸಿದೀರಿ" ಎನ್ನುವಂತಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು "ಊರಿಗೆ ಹೋಗಿ ತಿಳಿಸ್ತೀವಿ" ಎಂದೊಡನೆ ನಾಲ್ಕು ಕೊರಳು ಒಟ್ಟಿಗೆ ಬಾರಿಸುತ್ತಿದ್ದವು. ಹುಡುಗಿ ಒಳಮನೆಯಲ್ಲಿ ಕೂತೇ ಉತ್ತರ ತಿಳಿಯುತ್ತಿದ್ದಳು. ಕೆಲವರು "ಅಂತೆ" ಎಂಬ ಬಾಲ ಹಚ್ಚಿ ಪಾರಾಗಲು ನೋಡಿದರು. ಯಾರೋ ಹಾಗಂದರಂತೆ ಎಂದರೆ ಗಂಟೆ ಸುಮ್ಮನಿರುತ್ತಿತ್ತು. ಊರೆಲ್ಲ ಅಂತೆಕಂತೆಯಾಗಿ, ಕಡೆಗೆ ಒಬ್ಬ ವರ ಮಂಟಪದಲ್ಲಿ ನಿಂತು "ನಾನು ಇವಳನ್ನ ಇಷ್ಟಪಟ್ಟಿದೀನಂತೆ" ಎಂದ ಮೇಲೆ ಅಂತೆನಿಷೇಧ ಕಾಯಿದೆ ಬಂತು.

ಗಂಟೆಯ ಒಳಗುಟ್ಟು ತಿಳಿಯಲು ಜನಕ್ಕೆ ಹತ್ತು ವರ್ಷ ಹಿಡಿಯಿತು. ಅದಕ್ಕೆ ಸತ್ಯ ಯಾವುದೆಂದು ಗೊತ್ತಿಲ್ಲ. ನಿಮಗೆ ಏನು ಗೊತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ಹೀಗಿರುವಾಗ ಸುಳ್ಳು ಬಿಡುವ ಕಷ್ಟ ಯಾರಿಗೆ ಬೇಕು? ತಿಳಿವಳಿಕೆ ಬಿಟ್ಟರೆ ಸಾಕು. ಹಾಲು ಮಾರುವವನು ಬೆಳಗಿನ ಜಾವ ಅರ್ಧ ಗಂಟೆ ಆಚೆ ಹೋಗಿ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಮನೆಯೊಳಗೆ ಹೆಂಡತಿ ಹಾಲಿನ ಕೊಡದ ಹತ್ತಿರ ಏನು ಮಾಡುತ್ತಾಳೋ ಅವನು ಕೇಳುವುದಿಲ್ಲ. ಬಳಿಕ "ಅಪ್ಪಟ ಹಾಲು, ತಾಯಾಣೆ" ಎನ್ನುತ್ತಾನೆ, ಗಂಟೆ ತೆಪ್ಪಗಿರುತ್ತದೆ. ನಮ್ಮೂರಿನ ದೊಡ್ಡ ಸೀರೆ ಅಂಗಡಿಯಲ್ಲಿ ಕಣ್ಣು ಮಂಜಾದವರನ್ನೇ ಆರಿಸಿ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. "ಈ ಬಣ್ಣ ನಿಮಗೆ ಹೇಳಿ ಮಾಡಿಸಿದ ಹಾಗಿದೆ ಅಕ್ಕಾ" ಎಂದು ಅವರು ಮನಃಪೂರ್ವಕವಾಗಿ ಹೇಳುತ್ತಾರೆ. ಸೇತುವೆ ಕಟ್ಟಿಸಿದ ಇಂಜಿನಿಯರ್ ಸೇತುವೆಯ ಕೆಳಗೆ ಬಗ್ಗಿ ನೋಡಿದವನಲ್ಲ. ಆಸ್ಪತ್ರೆಯಲ್ಲಿ ರೋಗವನ್ನು ಯಂತ್ರ ಓದಿ, ಔಷಧಿಯನ್ನು ಯಂತ್ರವೇ ಕೊಟ್ಟು, ವರದಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮನೆಗೆ ಕಳಿಸುತ್ತದೆ. ಡಾಕ್ಟರು ಅದನ್ನು ತೆರೆಯುವುದಿಲ್ಲ, ತೆರೆಯದ ಡಾಕ್ಟರೇ ಒಳ್ಳೆಯ ಡಾಕ್ಟರು. ಮನೆಯವರೂ ತೆರೆಯುವುದಿಲ್ಲ, ಅರಿಶಿನ ಹಚ್ಚಿ ದೇವರ ಗೂಡಿನಲ್ಲಿ ಇಡುತ್ತಾರೆ. ರೋಗಿ "ನಂಗೆ ಹುಷಾರಾಗುತ್ತಾ?" ಎಂದು ಕೇಳಿದಾಗ ಮನೆಮಂದಿಯೆಲ್ಲ "ಆಗ್ದೆ ಏನು!" ಎನ್ನಲು ಬರಬೇಕಲ್ಲ, ಅದಕ್ಕಾಗಿ ಈ ಪದ್ಧತಿ.

ತಿಳಿಯದಂತೆ ನೋಡಿಕೊಳ್ಳುವುದು ಸುಲಭ. ಆದರೆ ತಿಳಿದುಬಿಟ್ಟರೆ? ಅಂಥವರಿಗಾಗಿ ಪ್ರತಿ ವಾರ್ಡಿನಲ್ಲೂ ಒಂದು ಪ್ರತ್ಯಯ ಸಾಧನ ಕೇಂದ್ರವಿದೆ. ಬಾಯಿಗೆ ಭಾರವಾದ ಆ ಹೆಸರು ಯಾರಿಗೂ ಬೇಡ, ಹೂಶಾಲೆ ಎನ್ನುತ್ತೇವೆ. ಬೇರೆಯವರ ಕಿವಿಗೆ ಹೂವಿಡುವುದು ನಿಮ್ಮ ಕಾಲದ ವಿದ್ಯೆ. ತನ್ನ ಕಿವಿಗೆ ತಾನೇ ಹೂವಿಟ್ಟುಕೊಂಡು, ಇಟ್ಟವರು ಯಾರೆಂಬುದನ್ನೂ ಮರೆಯುವುದು ನಮ್ಮದು. ಅಲ್ಲಿ ಮೊದಲ ರ‍್ಯಾಂಕುಗಳನ್ನೆಲ್ಲ ರಾಜಕಾರಣಿಗಳೇ ಬಾಚಿಕೊಂಡರೆಂದು ಬೇರೆ ಹೇಳಬೇಕಿಲ್ಲ. ಒಂದು ಚುನಾವಣೆಯೊಳಗೆ ಅವರ ಕೊರಳುಗಳು ಶಾಶ್ವತವಾಗಿ ಸ್ತಬ್ಧವಾದವು. ಉಳಿದವರು ನಿಧಾನಕ್ಕೆ ಪಾಸಾದೆವು. ಹೂಶಾಲೆಯಲ್ಲಿ ಕಳೆದುಕೊಂಡ ತಿಳಿವನ್ನು ಮತ್ತೆ ಯಾರಾದರೂ ನೆನಪಿಸಿದರೆ ಅದಕ್ಕೆ ಬಲವಂತದ ಅರಿವು ಎಂದು ಹೆಸರು; ಶಿಕ್ಷೆ ಬಾಯಿಕಟ್ಟಿಗಿಂತ ದೊಡ್ಡದು.

ಹೋದ ವರ್ಷದ ಹಿಂದಿನ ವರ್ಷ, ಕಾರ್ತಿಕದಲ್ಲಿ ನೀಲಾಂಬಿಕೆಯ ಲಕೋಟೆ ಬಂತು. ನಮ್ಮ ಊರಿನಲ್ಲಿ ಯಾರೂ ಮಾಡದ ತಪ್ಪನ್ನು ನಾನು ಮಾಡಿದೆ. ತೆರೆದು ಓದಿದೆ. ನಾಲ್ಕು ತಿಂಗಳು ಎಂದು ಬರೆದಿತ್ತು. ಅದೇ ಸಂಜೆ ಅವಳು ಹುರುಳಿಕಾಯಿ ಸೋಸುತ್ತಾ, ತಲೆ ಎತ್ತದೆ ಕೇಳಿದಳು: "ರೀ, ನಂಗೆ ವಾಸಿಯಾಗುತ್ತಾ?" ಮೂವತ್ತೊಂದು ವರ್ಷದ ತರ್ಕವೆಲ್ಲ ಒಂದು ಕ್ಷಣದಲ್ಲಿ ಕೈಕೊಟ್ಟಿತು. "ತಡಿಯೇ, ಒಲೆ ಮೇಲೆ ಹಾಲು ಉಕ್ತಾ ಇದೆ" ಎಂದೆ. ಠಣ್! ಒಲೆಯ ಮೇಲೆ ಹಾಲಿರಲಿಲ್ಲ, ಒಲೆ ಹಚ್ಚಿಯೂ ಇರಲಿಲ್ಲ. ನೀಲಾಂಬಿಕೆ ನನ್ನನ್ನೇ ನೋಡಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಸುಳ್ಳು ಹೇಳೋಕೂ ಬರಲ್ವಲ್ಲ ಮೇಷ್ಟ್ರೇ ನಿಮಗೆ" ಎಂದಳು. ಮೂರು ದಿನ ನನ್ನ ಬಾಯಿಗೆ ಪಟ್ಟಿ. ಆ ಮೂರು ದಿನ ಅವಳು ನನ್ನ ಪಕ್ಕ ಪಕ್ಕದಲ್ಲೇ ಓಡಾಡಿದಳು, ತಟ್ಟೆಗೆ ತಾನೇ ಬಡಿಸಿದಳು, ಎಂದೂ ಇಲ್ಲದ ಹಾಗೆ ಹಗುರಾಗಿದ್ದಳು. ನಾನು ದಡ್ಡ, ಅದನ್ನು ಭಯ ಎಂದುಕೊಂಡೆ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಬಾರಿಸುತ್ತದೆ, ಅವಳ ಎದೆ ಒಡೆಯುತ್ತದೆ ಎಂದು ಹೆದರಿ, ಪಟ್ಟಿ ಬಿಚ್ಚಿದ ದಿನವೇ ಹೂಶಾಲೆಗೆ ಹೋಗಿ ಹೆಸರು ಬರೆಸಿದೆ.

ಅಲ್ಲಿ ಬಿಂದುಮತಿ ಮೇಡಂ ಎಂಬವರು ಪಾಠ ಹೇಳುತ್ತಿದ್ದರು. ಸೌಮ್ಯ ಹೆಂಗಸು, ದನಿ ಏರಿಸಿದವರಲ್ಲ. ಅವರು ಮಂತ್ರ ಹಾಕುವುದಿಲ್ಲ, ಮದ್ದು ಕೊಡುವುದಿಲ್ಲ. ಎತ್ತ ನೋಡಬಾರದು ಎಂಬುದನ್ನಷ್ಟೇ ಕಲಿಸುತ್ತಾರೆ. "ಮೇಷ್ಟ್ರೇ, ಅವರು ಇವತ್ತು ಎಷ್ಟು ತುತ್ತು ಬಿಟ್ಟರು ಅಂತ ನೋಡಬೇಡಿ, ಎಷ್ಟು ಉಂಡರು ಅಂತ ನೋಡಿ. ಬಳೆ ಸಡಿಲ ಆದರೆ, ಈ ಸಲದ ಬಳೆನೇ ದೊಡ್ಡದು." ಹೀಗೆ ದಿನಕ್ಕೊಂದು ಮೆಟ್ಟಿಲು. ನಾನು ಒಳ್ಳೆಯ ವಿದ್ಯಾರ್ಥಿ. ಕುತರ್ಕ ಮಾಡುವುದಕ್ಕೂ ತರ್ಕ ಓದಿರಬೇಕಲ್ಲ! ಆರನೆಯ ವಾರದ ಕೊನೆಗೆ ಲಕೋಟೆಯಲ್ಲಿ ಓದಿದ್ದು ಬೇರೆ ಯಾರದ್ದೋ ವರದಿ ಎಂದು ನನಗೆ ನಿಶ್ಚಯವಾಗಿತ್ತು. ಎಂಟನೆಯ ವಾರಕ್ಕೆ ಲಕೋಟೆ ಬಂದದ್ದೇ ನೆನಪಿರಲಿಲ್ಲ. ಪದಕ ಕೊಟ್ಟರು.

ಆಮೇಲೆ ಒಂದು ಮಧ್ಯಾಹ್ನ ಅವಳು ಬೀರು ತೆಗೆದು ಕೂತು "ಈ ಇಳಕಲ್ ಸೀರೆ ಎಲ್ಲಾ ಕೌಮುದಿಗೆ ಕೊಟ್ಟುಬಿಡ್ಲಾ?" ಎಂದಳು. ಕೌಮುದಿ ನಮ್ಮ ಒಬ್ಬಳೇ ಮಗಳು, ಹೊಸಪೇಟೆಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಾನು ನಗುನಗುತ್ತಾ "ಯುಗಾದಿಗೆ ನೀನು ಏನು ಉಡ್ತೀಯೇ ಹಾಗಾದ್ರೆ?" ಎಂದೆ. ಗಂಟೆ ಬಾರಿಸಲಿಲ್ಲ. ನೀಲಾಂಬಿಕೆ ಮಡಿಲ ಸೀರೆ ಕೆಳಗಿಟ್ಟು, ನನ್ನ ಹತ್ತಿರ ಬಂದು, ನನ್ನ ಕೊರಳ ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಕೆಟ್ಟಿದೆಯೇನೋ ಎಂದು ಪರೀಕ್ಷಿಸುವ ಹಾಗೆ. "ಏನೇ ಇದು ಹುಡುಗಾಟ" ಎಂದೆ. "ಏನಿಲ್ಲ ಬಿಡಿ" ಎಂದಳು. ಠಣ್ ಎಂದಿತು, ಅವಳದು. ಅವಳಿಗೆ ಬಾಯಿಕಟ್ಟು ಬಂತು. ಮೂರು ದಿನ ಕಳೆದು ಪಟ್ಟಿ ಬಿಚ್ಚಿದ ಮೇಲೂ ಅವಳು ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಇನ್ನೂ ಒಂದು ಸಲ, ಶಿವರಾತ್ರಿಯ ಮರುದಿನ, "ಕೌಮುದೀನ ಒಂದ್ಸಲ ಕರೆಸ್ತೀರಾ?" ಎಂದು ಕೇಳಿದಳು. "ಪರೀಕ್ಷೆ ನಡೀತಾ ಇದೆ, ಅವಳಿಗ್ಯಾಕೆ ತೊಂದ್ರೆ, ಯುಗಾದಿಗೆ ಬಂದೇ ಬರ್ತಾಳಲ್ಲ" ಎಂದೆ. ನಾನು ಹೇಳಿದ ಪ್ರತಿ ಅಕ್ಷರವೂ ನನಗೆ ನಿಜವಾಗಿತ್ತು. ಇಡೀ ಜೀವನದಲ್ಲಿ ನಾನು ಅಷ್ಟು ಪ್ರಾಮಾಣಿಕನಾಗಿದ್ದ ಕಾಲ ಇನ್ನೊಂದಿಲ್ಲ.

ಅವಳು ಸತ್ತ ದಿನ ನಾನು ರೈಲು ನಿಲ್ದಾಣದಲ್ಲಿ ಕಾರವಾರಕ್ಕೆ ಎರಡು ಟಿಕೆಟು ತೆಗೆಯುತ್ತಿದ್ದೆ. ಅವಳು ಸಮುದ್ರ ನೋಡಿರಲಿಲ್ಲ. ಕಿಟಕಿ ಪಕ್ಕದ ಸೀಟೇ ಬೇಕೆಂದು ಕೌಂಟರಿನವನೊಂದಿಗೆ ಇಪ್ಪತ್ತು ನಿಮಿಷ ಜಗಳವಾಡಿದೆ. ಮನೆಯಲ್ಲಿ ಅವಳ ಜೊತೆಗಿದ್ದವರು ಪಕ್ಕದ ಮನೆಯ ರುದ್ರಮ್ಮ. ಎಪ್ಪತ್ತೆಂಟು ವರ್ಷದ, ಹೂಶಾಲೆಯ ಮೆಟ್ಟಿಲು ಹತ್ತದ ಮುದುಕಿ. ಗಂಟೆ ಬಾರಿಸಿ ಬಾರಿಸಿ ಬಾಯಿಗೆ ಪಟ್ಟಿಯ ಗುರುತೇ ಬಿದ್ದಿತ್ತು. ನೀಲಾಂಬಿಕೆ ಕಣ್ಣು ಮುಚ್ಚಿಕೊಂಡೇ ಕೇಳಿದಳಂತೆ: "ಕೌಮುದಿ ಬಂದ್ಲಾ?" ರುದ್ರಮ್ಮ ತಮ್ಮ ಗಂಟೆಯನ್ನು ಸೆರಗಿನಿಂದ ಮುಚ್ಚಿ, ಮೇಲೆ ಅಂಗೈ ಒತ್ತಿ, "ಬಂದ್ಲು ಕಣವ್ವಾ, ಬಾಗ್ಲಾಗೆ ಚಪ್ಲಿ ಬಿಡ್ತಾ ಅದಾಳೆ ನೋಡು" ಎಂದರಂತೆ. ಸೆರಗಿನೊಳಗಿನಿಂದಲೂ ಬಾರಿಸಿತು. ನೀಲಾಂಬಿಕೆಗೆ ಅದು ಕೇಳಿಸಿತು. ಕೇಳಿಸಿ, ರುದ್ರಮ್ಮನ ಕೈ ಹುಡುಕಿ ಹಿಡಿದು, ತುಟಿ ಸ್ವಲ್ಪ ನಗುವ ಹಾಗೆ ಮಾಡಿ, ಹೋದಳು. ನಾನು ಟಿಕೆಟು ಹಿಡಿದು ಬಂದಾಗ ರುದ್ರಮ್ಮ ಬಾಯಿಗೆ ಪಟ್ಟಿ ಕಟ್ಟಿಸಿಕೊಂಡು ಹೆಣದ ತಲೆಯ ಹತ್ತಿರ ಕೂತಿದ್ದರು. ಇದೆಲ್ಲ ನನಗೆ ತಿಳಿದದ್ದು ನಾಲ್ಕನೆಯ ದಿನ, ಅವರ ಬಾಯಿ ಬಿಚ್ಚಿದ ಮೇಲೆ. "ಮೇಷ್ಟ್ರೇ, ನಿಮಗೆ ಓದು ಜಾಸ್ತಿ ಆತು" ಎಂದರು. ಬೇರೆ ಬೈಗುಳ ಬೈಯಲಿಲ್ಲ.

ಪದಕ ತಂದುಕೊಟ್ಟ ನಂಬಿಕೆ ಒಂದೇ ಬೆಳಗಿನಲ್ಲಿ ಕಳಚಿತು. ದೇವರ ಗೂಡಿನಿಂದ ಲಕೋಟೆ ತೆಗೆದು ಮತ್ತೆ ನೋಡಿದೆ. ನಾನು ಹರಿದದ್ದು ಒಂದು ಬದಿ. ಇನ್ನೊಂದು ಬದಿಯ ಮಡಿಕೆಯನ್ನು ಯಾರೋ ನನಗಿಂತ ಮೊದಲೇ ಬಿಡಿಸಿ, ಅನ್ನದ ಅಗುಳು ಸವರಿ ಅಂಟಿಸಿದ್ದರು. ಒಣಗಿದ ಒಂದು ಅಗುಳು ಅಲ್ಲೇ ಇತ್ತು. ನಮ್ಮ ಮನೆಯಲ್ಲಿ ಅನ್ನದಿಂದ ಲಕೋಟೆ ಅಂಟಿಸುವವರು ಒಬ್ಬರೇ. ಅವಳಿಗೆ ಎಲ್ಲ ಗೊತ್ತಿತ್ತು. ಹುರುಳಿಕಾಯಿ ಸೋಸುತ್ತಾ ಕೇಳಿದಾಗ ಉತ್ತರ ಬೇಕಿರಲಿಲ್ಲ. ನನಗೂ ಗೊತ್ತಿದೆಯೇ ಎಂದು ನೋಡುತ್ತಿದ್ದಳು. ಇಲ್ಲದ ಹಾಲು ಉಕ್ಕಿದಾಗ ಅವಳಿಗೆ ಒಬ್ಬ ಜೊತೆಗಾರ ಸಿಕ್ಕಿದ್ದ. ಎಂಟು ವಾರಗಳ ನಂತರ ಅದೇ ಮನೆಯಲ್ಲಿ, ಅದೇ ಮುಖ ಹೊತ್ತು ಓಡಾಡುತ್ತಿದ್ದವನಿಗೆ ಏನೂ ಗೊತ್ತಿರಲಿಲ್ಲ. ಸಾವನ್ನು ಅವಳು ಒಬ್ಬಳೇ ತಿಳಿದುಕೊಂಡಿರಬೇಕಾಯಿತು. ನಿಮ್ಮ ಕಾಲದಲ್ಲಿ ರೋಗಿಯ ಮಂಚದ ಬಳಿ ನೀವು ಹೇಳುತ್ತಿದ್ದ ಸುಳ್ಳು ಎಂಥದೆಂದು ನನಗೆ ಆವತ್ತು ಅರ್ಥವಾಯಿತು. ಅದು ಇಬ್ಬರೂ ಒಂದೊಂದು ತುದಿ ಹಿಡಿದು ಹೊದ್ದ ಕಂಬಳಿ. ನಾನು ನನ್ನ ತುದಿ ಬಿಟ್ಟೆ, ಬಿಟ್ಟದ್ದೂ ತಿಳಿಯದ ಹಾಗೆ ಬಿಟ್ಟೆ.

ಕೌಮುದಿ ಐದನೆಯ ದಿನ ಒಬ್ಬಳೇ ನನ್ನೆದುರು ಕೂತು ಕೇಳಿದಳು: "ಅಪ್ಪಾ, ಅಮ್ಮ ನನ್ನ ಕೇಳಿದ್ಲಾ?" ರುದ್ರಮ್ಮನ ಪಾಠ ಹಸಿಯಾಗಿತ್ತು. "ಇಲ್ಲಮ್ಮ, ನಿದ್ದೆಯಲ್ಲೇ ಹೋದ್ಲು" ಎಂದೆ. ಠಣ್ ಎಂದಿತು, ಗೋಡೆಗೆ ಬಡಿದು ಮರಳುವಷ್ಟು ಜೋರಾಗಿ. ನಾನು ಗಂಟೆಯನ್ನು ಮುಚ್ಚಿಕೊಳ್ಳಲಿಲ್ಲ, ಅವಳಿಗೆ ಕೇಳಿಸಲಿ ಎಂದೇ ಹೇಳಿದ್ದು. ಅವಳು ನನ್ನ ಕಾಲ ಬೆರಳುಗಳನ್ನು ನೋಡುತ್ತಾ, "ನಂಗೇನೂ ಕೇಳಿಸ್ಲಿಲ್ಲಪ್ಪ" ಎಂದಳು. ಅವಳದೂ ಬಾರಿಸಿತು. ಅಪ್ಪ ಮಗಳು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತೆವು. ಮೂರು ದಿನ ಇಬ್ಬರ ಬಾಯಿಗೂ ಪಟ್ಟಿ. ಅವಳು ಚಪಾತಿ ಲಟ್ಟಿಸುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಸೀದರೆ ಇಬ್ಬರೂ ಕಣ್ಣಲ್ಲೇ ಬೈದುಕೊಳ್ಳುತ್ತಿದ್ದೆವು. ನೀಲಾಂಬಿಕೆ ಹೋದ ಮೇಲೆ ನಾನು ಒಬ್ಬನೇ ಅಲ್ಲ ಎನ್ನಿಸಿದ್ದು ಆ ಮೂರು ದಿನ ಮಾತ್ರ.

ಆದರೆ ಗಂಟೆ ಬಾರಿಸಿದ ಟೀಚರನ್ನು ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ ಎಂಬುದು ನಮ್ಮ ಶಾಲೆಗಳ ನಿಯಮ. ಹೂಶಾಲೆಯ ಸರ್ಟಿಫಿಕೇಟು ತಂದರೆ ಸೇರಿಸಿಕೊಳ್ಳುತ್ತಾರೆ. ಕೌಮುದಿ ಹೋದಳು; ಹೋಗಬೇಡ ಎನ್ನಲು ನನ್ನ ಹತ್ತಿರ ಯಾವ ಮುಖವಿತ್ತು? ಎರಡು ತಿಂಗಳಾದ ಮೇಲೆ ಬಂದವಳ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಕಾಫಿ ಕುಡಿಯುತ್ತಾ ಅವಳಾಗಿಯೇ "ಅಮ್ಮ ನಿದ್ದೆಯಲ್ಲೇ ಹೋದ್ಲು ಅಲ್ವಾಪ್ಪ, ಎಂಥ ಪುಣ್ಯ" ಎಂದಳು. ನಾನು ಅವಳ ಕೊರಳನ್ನೇ ನೋಡುತ್ತಾ ಕಾದೆ. ಏನೂ ಆಗಲಿಲ್ಲ. ಎದ್ದು ಹೋಗಿ ಅದನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು, ಕೈ ಮೇಲೇಳಲಿಲ್ಲ. ತಲೆ ಅಲ್ಲಾಡಿಸಿ ಹೌದೆಂದೆ. ತಲೆಗೆ ಗಂಟೆಯಿಲ್ಲ. ರುದ್ರಮ್ಮ ಆಷಾಢದಲ್ಲಿ ತೀರಿಕೊಂಡರು.

ಅಪ್ಪ ಮಂಕಾಗಿದ್ದಾನೆ, ಕೂತಲ್ಲೇ ಕೂತಿರುತ್ತಾನೆ ಎಂದು ಕೌಮುದಿಗೆ ಚಿಂತೆ. ಪ್ರೀತಿಯಿಂದಲೇ ಸೋಮವಾರದ ತರಗತಿಗೆ ನನ್ನ ಹೆಸರು ಬರೆಸಿದ್ದಾಳೆ. ಒಲ್ಲೆ ಎನ್ನಲು ಕಾರಣ ಕೊಡಬೇಕು, ಕಾರಣ ಕೊಟ್ಟರೆ ಅವಳಿಗೆ ಬಲವಂತದ ಅರಿವು. ಇನ್ನೊಂದನ್ನೂ ಬಚ್ಚಿಡದೆ ಹೇಳಿಬಿಡುತ್ತೇನೆ: ನನಗೆ ಸಾಕಾಗಿದೆ. ಒಬ್ಬನೇ ತಿಳಿದುಕೊಂಡಿರುವುದು ಎಷ್ಟು ಕಷ್ಟವೆಂದು ನೀಲಾಂಬಿಕೆಗೆ ಗೊತ್ತಿತ್ತು, ಈಗ ನನಗೆ ಗೊತ್ತು. ಅವಳಷ್ಟು ಗಟ್ಟಿ ನಾನಲ್ಲ. ನಾನು ಹೋಗುತ್ತೇನೆ, ಹೋಗಿ ಒಳ್ಳೆಯ ವಿದ್ಯಾರ್ಥಿಯೂ ಆಗುತ್ತೇನೆ.

ಗಂಟೆ ಕಟ್ಟಿಸಿಕೊಳ್ಳಬೇಡಿ ಎಂದು ನಿಮಗೆ ಬುದ್ಧಿ ಹೇಳುವುದಿಲ್ಲ. ನಿಮ್ಮ ಮಕ್ಕಳು ಕಟ್ಟಿಸಿಕೊಂಡರೆಂಬುದು ನಮ್ಮ ಇತಿಹಾಸದ ಪುಸ್ತಕದಲ್ಲಿದೆ. ನೀವು ಸುಳ್ಳರೆಂದು ಹೀಗಳೆಯುವ ಯೋಗ್ಯತೆಯೂ ನನಗಿಲ್ಲ. ನೀವು ಸುಳ್ಳು ಹೇಳಿದ ಮೇಲೆ ಕಣ್ಣು ತಪ್ಪಿಸುತ್ತಿದ್ದಿರಂತೆ, ಕಿವಿ ಕೆಂಪಾಗುತ್ತಿತ್ತಂತೆ. ಅಷ್ಟು ಅರಿವನ್ನು ಕೈಲಾದಷ್ಟು ದಿನ ಉಳಿಸಿಕೊಳ್ಳಿ. ಈ ಕಾಗದದಲ್ಲಿರುವುದು ನಿಜವೇ ಎಂದು ಪರೀಕ್ಷಿಸಲು ನಿಮಗೆ ಯಾವ ಗುಂಡೂ ಇಲ್ಲ; ಬರೆಯುವ ಕೈಗೆ ನಮ್ಮಲ್ಲೂ ಗಂಟೆ ಕಟ್ಟಿಲ್ಲ. ಇನ್ನು ಎರಡು ತಿಂಗಳಿಗೆ ಯಾರಾದರೂ ಇದನ್ನು ನನ್ನ ಮುಂದೆ ಹಿಡಿದರೆ, ಈ ಅಕ್ಷರ ನನ್ನದಲ್ಲ ಎನ್ನುತ್ತೇನೆ, ನನ್ನ ಕೊರಳು ಶಾಂತವಾಗಿರುತ್ತದೆ. ಆಗ ನನ್ನನ್ನು ನಂಬಬೇಡಿ.

ನೀಲಾಂಬಿಕೆ ನಿದ್ದೆಯಲ್ಲಿ ಹೋಗಲಿಲ್ಲ. ಮಗಳನ್ನು ಕೇಳಿದಳು. ನಾನು ಕರೆಸಲಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು ಇದನ್ನು ತಿಳಿದುಕೊಂಡಿರಿ.

ನಮಸ್ಕಾರ.

ಇಂದುಧರ